ಸಂಸ್ಥೆಯ ಲಾಗಿನ್ ಸಂಸ್ಥೆಯ ಕೈಯಲ್ಲೇ ಇರಲಿ

ಓದುಗರಲ್ಲಿ ಕಮಿಟಿ, ಟ್ರಸ್ಟ್, ಶಾಲೆ, ಸಹಕಾರ ಸಂಘ ಅಂತ ಒಂದಲ್ಲ ಒಂದು ಸಂಸ್ಥೆಯ ಹೊಣೆ ಹೊತ್ತವರು ಬಹಳ ಮಂದಿ ಇದ್ದೀರಿ. ನಿಮಗೆ ಮೂರು ಸಣ್ಣ ಪ್ರಶ್ನೆ. ನಿಮ್ಮ ಸಂಸ್ಥೆಯ ಇಮೇಲ್ ಪಾಸ್‌ವರ್ಡ್ ಈಗ ಯಾರ ಹತ್ತಿರ ಇದೆ? ಅದರ ಓಟಿಪಿ ಯಾರ ಮೊಬೈಲಿಗೆ ಬರುತ್ತದೆ? ಆ ಮನುಷ್ಯ ನಾಳೆ ದಮಾಮಿಗೋ ದುಬೈಗೋ ಹೋದರೆ, ಹುದ್ದೆ ಬಿಟ್ಟರೆ, ಆಸ್ಪತ್ರೆ ಸೇರಿದರೆ ಲೆಕ್ಕಪತ್ರ ತೆರೆಯುವವರು ಯಾರು?

ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ‘ಅದೆಲ್ಲ ನಮ್ಮ ಹುಡುಗನೊಬ್ಬ ನೋಡ್ಕೊಳ್ತಾನೆ ಮಾರಾಯ್ರೆ.’ ಆ ಹುಡುಗ ಒಳ್ಳೆಯವನೇ ಇರಬಹುದು, ಸಂಬಳವಿಲ್ಲದೆ ರಾತ್ರಿ ಕೂತು ಕೆಲಸ ಮಾಡುವವನೂ ಇರಬಹುದು. ಆದರೆ ಸಂಸ್ಥೆಯ ಚೆಕ್ಕಿಗೆ ಇಬ್ಬರ ಸಹಿ ಬೇಕು ಅಂತ ಬೈಲಾದಲ್ಲಿ ಬರೆದುಕೊಂಡಿರುವ ನಾವು, ಅದೇ ಸಂಸ್ಥೆಯ ಸದಸ್ಯರ ಪಟ್ಟಿ, ಜಮೆ ಖರ್ಚು, ಆಸ್ತಿ ಪತ್ರ, ಸರ್ಕಾರಿ ಪೋರ್ಟಲ್ ಎಲ್ಲವನ್ನೂ ಒಬ್ಬನ ಫೋನಿನೊಳಗೆ ಇಡುವುದು ಸರಿಯೇ? ಸರಿಯಲ್ಲ ಅಂತ ನಮ್ಮ ಅಭಿಪ್ರಾಯ. ಯಾಕೆ ಅಂತ ಹೇಳಲು ಈ ವಾರ ಕರಾವಳಿಯಿಂದ ಸ್ವಲ್ಪ ದೂರ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಡೆ ನೋಡೋಣ.

ಆ ಊರುಗಳೇ ಯಾಕೆ? ಎರಡು ಕಾರಣ. ಕ್ಲೌಡ್ ತಂತ್ರಾಂಶ ಅನ್ನೋದು ಅಲ್ಲಿ ಶೋಕಿಯಲ್ಲ, ರೈತನ ಸಾಲಕ್ಕೆ ಸಂಬಂಧಿಸಿದ ವಿಷಯ. ಇನ್ನೊಂದು, ಬೇರೆಯವರ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಏನಾಗುತ್ತದೆ ಅಂತ ಇಡೀ ದೇಶ ಮಾತಾಡಿದ್ದು ಆಳಂದದ ಹೆಸರು ಹಿಡಿದು.

ಮೊದಲು ಸಾಲದ ವಿಷಯ. ಮೂರೂ ತಾಲ್ಲೂಕು ತೊಗರಿಯ ನಾಡು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಳೆ ಬಿದ್ದ ಮೇಲೆ ಬಿತ್ತನೆ, ಅದಕ್ಕೆ ಬೀಜ, ಗೊಬ್ಬರ, ಸಾಲ. ಇದಕ್ಕೆಲ್ಲ ಸಣ್ಣ ರೈತ ಹೋಗುವುದು ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ. ನಮ್ಮ ಕಡೆ ಸೊಸೈಟಿ ಅನ್ನುತ್ತೇವೆ, ಅಲ್ಲಿ ಪಿಕೆಪಿಎಸ್ ಅನ್ನುತ್ತಾರೆ. ಸಂಘದ ಮೇಲೆ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕ್, ಅದರ ಮೇಲೆ ಅಪೆಕ್ಸ್ ಬ್ಯಾಂಕ್, ಅದರ ಮೇಲೆ ನಬಾರ್ಡ್. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಶುರು ಮಾಡಿದ ಸಂಘದಿಂದ ಇವತ್ತಿನವರೆಗೆ ಈ ಸಂಘಗಳ ಜೀವ ಇದ್ದದ್ದು ದಪ್ಪ ದಪ್ಪ ಲೆಡ್ಜರುಗಳಲ್ಲಿ. ಯಾರಿಗೆ ಎಷ್ಟು ಸಾಲ, ಎಷ್ಟು ಷೇರು, ಎಷ್ಟು ಬಾಕಿ, ಎಲ್ಲ ಕಾರ್ಯದರ್ಶಿಯ ಕೈಬರಹದಲ್ಲಿ.

ಅದು ಈಗ ಬದಲಾಗುತ್ತಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಗ ಇಟ್ಟ ಮೊತ್ತ 2,516 ಕೋಟಿ ರೂಪಾಯಿ. ಎಲ್ಲ ಸಂಘಗಳಿಗೂ ಒಂದೇ ಕ್ಲೌಡ್ ತಂತ್ರಾಂಶ, ಸ್ಥಳೀಯ ಭಾಷೆಯಲ್ಲಿ ಕೆಲಸ, ಹಳೆಯ ದಾಖಲೆಗಳ ಡಿಜಿಟಲೀಕರಣ, ಸಿಬ್ಬಂದಿಗೆ ತರಬೇತಿ ಎಂದು ಯೋಜನೆ ಹೇಳುತ್ತದೆ. ಕರ್ನಾಟಕವೂ ಇದರೊಳಗಿದೆ.

ಇದನ್ನು ನಾವು ಸ್ವಾಗತಿಸುತ್ತೇವೆ. ಪುಸ್ತಕವೇ ಚಂದ ಇತ್ತು ಅನ್ನುವವರು ಭೀಮಾ ನದಿಯನ್ನು ನೆನಪಿಸಿಕೊಳ್ಳಬೇಕು. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿತು. ಕಪಾಟಿನಲ್ಲಿರುವ ಲೆಡ್ಜರ್ ಈಜುವುದಿಲ್ಲ. ಗೆದ್ದಲು, ಬೆಂಕಿ, ಇಲಿ, ಜೊತೆಗೆ ‘ಪುಸ್ತಕ ಸಿಗುತ್ತಿಲ್ಲ’ ಅನ್ನುವ ಕಾರ್ಯದರ್ಶಿ, ಇವೆಲ್ಲಕ್ಕೂ ಕ್ಲೌಡ್ ಒಂದು ಉತ್ತರ. ರೈತ ಕಟ್ಟಿದ ಕಂತು ಅದೇ ದಿನ ಜಿಲ್ಲಾ ಬ್ಯಾಂಕಿನ ಲೆಕ್ಕದಲ್ಲಿ ಕಾಣಿಸಿದರೆ, ನಡುವೆ ಹಣ ನುಂಗುವವರಿಗೆ ಜಾಗ ಕಡಿಮೆಯಾಗುತ್ತದೆ.

ಆದರೆ ಅದೇ ಯೋಜನೆಯಲ್ಲಿ ಇನ್ನೊಂದು ಸಾಲಿದೆ. ಸಂಘಗಳಿಗೆ ಜಿಲ್ಲಾ ಮಟ್ಟದ ನೆರವು ಸಿಗುವುದು ಸುಮಾರು 200 ಸಂಘಗಳ ಒಂದೊಂದು ಗುಂಪಿಗೆ. ಇದನ್ನು ಆಳಂದದ ಗಡಿ ಹಳ್ಳಿಯ ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತು ಯೋಚಿಸಿ. ಆಚೆ ಮಹಾರಾಷ್ಟ್ರ, ಈಚೆ ಜಿಲ್ಲಾ ಕೇಂದ್ರ ದೂರ. ಆಳಂದ, ಜೇವರ್ಗಿ ಪಟ್ಟಣಗಳೇ ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್, ಅಫಜಲಪುರ ಇನ್ನೂ ಮುಂದೆ. ಬಿತ್ತನೆ ಸಮಯ, ಹೊರಗೆ ರೈತರ ಸಾಲು. ಒಬ್ಬನ ಹಳೆಯ ಸಾಲ ತೀರಿದೆ, ರಸೀದಿ ಅವನ ಕೈಯಲ್ಲಿದೆ, ಆದರೆ ಪರದೆ ಮೇಲೆ ಬಾಕಿ ಅಂತ ತೋರಿಸುತ್ತಿದೆ ಅಂದುಕೊಳ್ಳಿ. ಲೆಡ್ಜರ್ ಆಗಿದ್ದರೆ ಕಾರ್ಯದರ್ಶಿ ಹಿಂದಿನ ಪುಟ ತಿರುಗಿಸಿ, ಅಧ್ಯಕ್ಷರನ್ನು ಕರೆದು, ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕುತ್ತಿದ್ದ. ಈಗ ದೂರು ದಾಖಲಿಸಬೇಕು, 200 ಸಂಘಗಳ ಸರತಿಯಲ್ಲಿ ನಿಲ್ಲಬೇಕು. ಸರತಿ ಬರುವ ಹೊತ್ತಿಗೆ ಮಳೆ ಹೋಗಿರುತ್ತದೆ. ಆ ರೈತ ಖಾಸಗಿ ಸಾಲದವನ ಬಾಗಿಲಿಗೆ ಹೋಗುತ್ತಾನೆ. ಸೊಸೈಟಿ ಹುಟ್ಟಿದ್ದೇ ಅವನನ್ನು ಆ ಬಾಗಿಲಿಂದ ಬಿಡಿಸಲಿಕ್ಕೆ.

ದೂರದ ಯಂತ್ರ ಕೆಟ್ಟರೆ ಹತ್ತಿರದ ಸಂಘ ನಿಲ್ಲುತ್ತದೆ ಅನ್ನುವುದಕ್ಕೆ ನಡೆದ ಉದಾಹರಣೆಯೂ ಇದೆ. 2024ರ ಜುಲೈ 31ರಂದು ಸಿ-ಎಡ್ಜ್ ಎಂಬ ಕಂಪನಿಯ ವ್ಯವಸ್ಥೆ ರ್‍ಯಾನ್ಸಮ್‌ವೇರ್ ದಾಳಿಯಿಂದ ತೊಂದರೆಗೆ ಸಿಕ್ಕಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಕಂಪನಿ ಅದು. ಸೋಂಕು ಹರಡಬಾರದು ಅಂತ ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ಕಡಿದು ಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು. ಮರುದಿನ ಸರಿಯಾಯಿತು ನಿಜ. ಆದರೆ ಆ ಬ್ಯಾಂಕುಗಳು ತಾವೇನೂ ಮಾಡದೆ ಬಾಗಿಲು ಹಾಕಿಕೊಂಡ ಹಾಗಾಯಿತು. ತಂತ್ರಾಂಶ ಬೇರೆಯವರದ್ದು, ಸರ್ವರ್ ಬೇರೆಯವರದ್ದು ಆದಾಗ ನಮ್ಮ ಲೆಕ್ಕದ ಒಂದು ಪ್ರತಿ ನಮ್ಮ ಹತ್ತಿರವೂ ಇರಬೇಕು. ಆ ಘಟನೆ ಕಲಿಸಿದ ಪಾಠ ಇಷ್ಟೇ.

ಈಗ ಆಳಂದದ ಇನ್ನೊಂದು ವಿಷಯ. ಕಳೆದ ವಿಧಾನಸಭಾ ಚುನಾವಣೆಗೆ ಮೊದಲು, 2022ರ ಡಿಸೆಂಬರ್‌ನಲ್ಲಿ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಉಳಿದ 5,994 ಅರ್ಜಿ ತಿರಸ್ಕೃತವಾದವು. 2023ರ ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು, 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಯಾರು ಮಾಡಿದರು ಅನ್ನುವುದನ್ನು ನ್ಯಾಯಾಲಯ ತೀರ್ಮಾನಿಸಲಿ. ನಮಗೆ ಬೇಕಾದ್ದು ಬೇರೆ ಸಂಗತಿ. ಒಬ್ಬರ ಹೆಸರಿನಲ್ಲಿ, ಅವರಿಗೆ ಗೊತ್ತೇ ಇಲ್ಲದೆ ಅರ್ಜಿ ಒಳಗೆ ಹೋಗಲು ಒಂದು ಲಾಗಿನ್, ಒಂದು ಮೊಬೈಲ್ ನಂಬರ್ ಸಾಕಾಯಿತು. ಪರದೆ ಅದನ್ನು ತಡೆಯಲಿಲ್ಲ. ಊರಿನಲ್ಲಿ ಜನರನ್ನು ಕಂಡು ಕೇಳಿದ ಮೇಲೆ ಸುಳ್ಳು ಹೊರಬಿತ್ತು. ಸರ್ಕಾರದ ದೊಡ್ಡ ವ್ಯವಸ್ಥೆಯ ಕಥೆಯೇ ಹೀಗಾದರೆ, ಪಾಸ್‌ವರ್ಡನ್ನು ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿಡುವ ಸಣ್ಣ ಕಮಿಟಿಗಳ ಗತಿ ಏನು?

ಇನ್ನು ನಮ್ಮ ಮನೆಗೆ ಬರೋಣ. ವಕ್ಫ್ ಆಸ್ತಿಗಳ ವಿವರ ತುಂಬಿಸುವ ‘ಉಮೀದ್’ ಪೋರ್ಟಲ್ 2025ರ ಜೂನ್ 6ರಂದು ಶುರುವಾಗಿ, ಆರು ತಿಂಗಳ ಗಡುವು ಮುಗಿದು ಡಿಸೆಂಬರ್ 6ಕ್ಕೆ ಮುಚ್ಚಿತು. ಗಡುವು ವಿಸ್ತರಿಸಿ ಅಂತ ಹೋದವರಿಗೆ ಸುಪ್ರೀಂ ಕೋರ್ಟ್ ಟ್ರಿಬ್ಯುನಲ್ ದಾರಿ ತೋರಿಸಿತು. ಆ ಕಾನೂನಿನ ಬಗ್ಗೆ ಇರುವ ತಕರಾರು ಬೇರೆ, ಇಲ್ಲಿ ಅದನ್ನು ಎತ್ತುತ್ತಿಲ್ಲ. ಸಚಿವಾಲಯವೇ ಕೊಟ್ಟ ಲೆಕ್ಕ ನೋಡಿ. ದೇಶದಲ್ಲಿ 5,17,040 ಆಸ್ತಿಗಳ ದಾಖಲಾತಿ ಶುರುವಾಯಿತು. ಅದರಲ್ಲಿ ಅನುಮೋದನೆ ಆದದ್ದು 2,16,905. ಸಲ್ಲಿಕೆಯಾಗಿ ಪರಿಶೀಲನೆಗೆ ಕಾದದ್ದು 2,13,941. ತಿರಸ್ಕೃತವಾದದ್ದು 10,869. ಮೂರನ್ನೂ ಕೂಡಿಸಿದರೂ ಶುರು ಮಾಡಿದ ಸಂಖ್ಯೆಗೆ 75 ಸಾವಿರದಷ್ಟು ಕಮ್ಮಿ ಬೀಳುತ್ತದೆ.

ಆ ಪೋರ್ಟಲ್‌ನಲ್ಲಿ ಕೆಲಸ ಮೂರು ಹಂತದ್ದು. ತುಂಬಿಸುವವ ಮುತವಲ್ಲಿ, ನೋಡುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಬೇಕು ಅನ್ನುವ ಈ ಕ್ರಮವನ್ನು ಸರ್ಕಾರಿ ಪೋರ್ಟಲ್‌ಗೆ ಮಾತ್ರ ಬಿಡಬೇಕಾಗಿಲ್ಲ. ನಮ್ಮ ಮದ್ರಸದ ಫೀಸು, ಮಸೀದಿ ವರಾಡು, ಟ್ರಸ್ಟಿನ ವಿದ್ಯಾರ್ಥಿವೇತನ, ಯಾವ ಲೆಕ್ಕಕ್ಕೂ ಅದು ಸಲ್ಲುತ್ತದೆ.

ಕರಾವಳಿಯ ನಮಗೆ ಒಂದು ವಿಶೇಷ ಕಷ್ಟ ಇದೆ. ಚುರುಕಾದ ಹುಡುಗರೇ ಕಮಿಟಿಯ ಕಂಪ್ಯೂಟರ್ ಕೆಲಸ ವಹಿಸಿಕೊಳ್ಳುವುದು, ಅದೇ ಹುಡುಗರೇ ಮೊದಲು ಗಲ್ಫಿಗೆ ಹೊರಡುವುದು. ಊರಿನ ಸಿಮ್ ಡ್ರಾಯರಿನಲ್ಲಿ ಉಳಿಯುತ್ತದೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೆ, ದುಡ್ಡು ಹಾಕದೆ ಬಿಟ್ಟರೆ ಬಂದ್ ಆಗುತ್ತದೆ, ಕಾಲ ಕಳೆದ ಮೇಲೆ ಅದೇ ನಂಬರ್ ಬೇರೆ ಗ್ರಾಹಕನಿಗೆ ಹೋಗಬಹುದು. ಆಗ ಕಮಿಟಿಯ ಓಟಿಪಿ ಯಾರಿಗೋ ಅಪರಿಚಿತನಿಗೆ ಹೋಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರು ದುಬೈ ಬದಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗುತ್ತಾರೆ. ದಾರಿ ಬೇರೆ, ಹಿಂದೆ ಉಳಿಯುವ ಸಂಘದ ಕಷ್ಟ ಒಂದೇ.

‘ಜೀಮೇಲ್ ಇದೆಯಲ್ಲ, ಫ್ರೀ’ ಅನ್ನುವ ಮಾತೂ ಪೂರ್ತಿ ನಂಬುವಂಥದ್ದಲ್ಲ. ಎರಡು ವರ್ಷ ತೆರೆಯದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಹಳೆಯ ಕಮಿಟಿ ಆಸ್ತಿ ಪತ್ರಗಳನ್ನು ಸ್ಕ್ಯಾನ್ ಮಾಡಿ ಇಟ್ಟ ಖಾತೆ, ಹೊಸ ಕಮಿಟಿಗೆ ಗೊತ್ತೇ ಇಲ್ಲದ ಖಾತೆ, ಒಂದು ದಿನ ಖಾಲಿ. ವೈಯಕ್ತಿಕ ಖಾತೆಯಲ್ಲಿ ಇಟ್ಟ ಕಡತದ ಮಾಲೀಕ ಆ ವ್ಯಕ್ತಿಯೇ, ನಿಮ್ಮ ಸಂಸ್ಥೆ ಅಲ್ಲ. ಮೈಕ್ರೋಸಾಫ್ಟ್ ಕಂಪನಿ ಸೇವಾ ಸಂಸ್ಥೆಗಳಿಗೆ ಪುಕ್ಕಟೆ ಕೊಡುತ್ತಿದ್ದ ಬಿಸಿನೆಸ್ ಪ್ರೀಮಿಯಂ ಸೌಲಭ್ಯವನ್ನು 2025ರ ಜುಲೈಯಿಂದ ನಿಲ್ಲಿಸುತ್ತಾ ಬಂತು, ಅದಕ್ಕಿಂತ ಸಣ್ಣ ಯೋಜನೆಯನ್ನು ಮಾತ್ರ ಪುಕ್ಕಟೆ ಉಳಿಸಿತು. ಕೊಡುವವರು ಮನಸ್ಸು ಬದಲಿಸಬಹುದು. ಹಾಗಾದಾಗ ನಮ್ಮ ದಾಖಲೆ ಎತ್ತಿಕೊಂಡು ಬೇರೆ ಕಡೆ ಹೋಗಲು ನಮಗೆ ಸಾಧ್ಯವಿರಬೇಕು.

ಹಾಗಾದರೆ ಏನು ಮಾಡಬೇಕು? ದೊಡ್ಡ ಖರ್ಚಿನ ಕೆಲಸ ಏನೂ ಇಲ್ಲ. ನಾವು ಐದು ಸಲಹೆ ಮುಂದಿಡುತ್ತೇವೆ.

ಒಂದು, ಸಂಸ್ಥೆಯ ಹೆಸರಿನಲ್ಲೇ ಒಂದು ಮೊಬೈಲ್ ನಂಬರ್, ಒಂದು ಇಮೇಲ್. ಫೋನ್ ಕಚೇರಿಯಲ್ಲಿರಲಿ, ರೀಚಾರ್ಜ್ ಸಂಸ್ಥೆಯ ಖರ್ಚಿನಲ್ಲಿ ಬರಲಿ. ಆದರೆ ಸ್ವಂತ ಡೊಮೇನ್ ಹೆಸರನ್ನೂ ಕೊಳ್ಳಬಹುದು. ನೋಂದಣಿ ಇರುವ ಸೇವಾ ಸಂಸ್ಥೆಗಳಿಗೆ ಗೂಗಲ್‌ನ ವರ್ಕ್‌ಸ್ಪೇಸ್ ಉಚಿತವಾಗಿ ಸಿಗುವ ಯೋಜನೆಯೂ ಇದೆ, ಅರ್ಹತೆ ಇದ್ದವರು ಕೇಳಿ ನೋಡಲಿ.

ಎರಡು, ಮುಖ್ಯ ಅಧಿಕಾರ ಇರುವ ಲಾಗಿನ್ ಇಬ್ಬರ ಬಳಿ ಇರಲಿ, ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್. ಒಂದೇ ಪಾಸ್‌ವರ್ಡನ್ನು ಐದು ಜನ ಹಂಚಿಕೊಂಡರೆ ತಪ್ಪಾದಾಗ ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಪ್ರಾಮಾಣಿಕನೂ ಅನುಮಾನಕ್ಕೆ ಸಿಗುತ್ತಾನೆ. ಗುಮಾಸ್ತನಿಗೆ ಜಮೆ ಬರೆಯುವಷ್ಟೇ ಅಧಿಕಾರ ಕೊಡಿ. ಅಳಿಸುವ ಅಧಿಕಾರ ಬೇಡ.

ಮೂರು, ತಿಂಗಳಿಗೊಮ್ಮೆ ಎಲ್ಲ ಲೆಕ್ಕದ ಒಂದು ಪ್ರತಿ ಇಳಿಸಿ ಬೇರೆ ಡಿಸ್ಕಿನಲ್ಲಿ ಇಡಿ. ಇಳಿಸಿದ್ದನ್ನು ತೆರೆದು ನೋಡಿ. ವರ್ಷಕ್ಕೊಮ್ಮೆ ಸದಸ್ಯರ ಪಟ್ಟಿ, ಬಾಕಿ ಪಟ್ಟಿ ಮುದ್ರಿಸಿ ಸಹಿ ಹಾಕಿಸಿ ಕಪಾಟಿನಲ್ಲಿಡಿ. ಕಾಗದವೂ ಬೇಕು, ಕ್ಲೌಡೂ ಬೇಕು. ಒಂದು ಹೋದರೆ ಇನ್ನೊಂದು ಉಳಿಯುತ್ತದೆ.

ನಾಲ್ಕು, ಹೊಸ ಕಮಿಟಿ ಬಂದಾಗ ಕೀಲಿ, ಚೆಕ್‌ಬುಕ್, ಮಿನಿಟ್ಸ್ ಪುಸ್ತಕ ಒಪ್ಪಿಸುವ ಹಾಗೆ ಲಾಗಿನ್‌ಗಳನ್ನೂ ಬರಹದಲ್ಲಿ ಒಪ್ಪಿಸಬೇಕು. ಯಾವ ಯಾವ ಸೇವೆ, ಯಾವ ನಂಬರಿಗೆ ಓಟಿಪಿ, ಯಾವ ತಾರೀಕಿಗೆ ನವೀಕರಣ, ಒಂದು ಹಾಳೆಯಲ್ಲಿ ಬರೆದರೆ ಸಾಕು. ಅದೇ ದಿನ ಹಳಬರ ಪ್ರವೇಶ ನಿಲ್ಲಿಸಿ ಪಾಸ್‌ವರ್ಡ್ ಬದಲಿಸಬೇಕು. ಇದು ಯಾರ ಮೇಲಿನ ಸಂಶಯವೂ ಅಲ್ಲ. ಹಳಬರಿಗೂ ಇದು ರಕ್ಷಣೆಯೇ, ಮುಂದೆ ಏನೇ ಆದರೂ ಅವರ ಹೆಸರು ಬರುವುದಿಲ್ಲ.

ಐದು, ತಂತ್ರಾಂಶ ಮಾರುವವನ ಹತ್ತಿರ ಮೊದಲೇ ಕೇಳಿ: ನಾಳೆ ನಾವು ಬಿಟ್ಟು ಹೋದರೆ ನಮ್ಮ ದಾಖಲೆ ಪೂರ್ತಿ, ಬೇರೆ ಕಡೆ ತೆರೆಯುವ ರೂಪದಲ್ಲಿ ಕೊಡುತ್ತೀರಾ? ಕನ್ನಡದಲ್ಲಿ ರಸೀದಿ ಬರುತ್ತದಾ? ತೊಂದರೆ ಆದಾಗ ಫೋನ್ ಎತ್ತುವವರು ಯಾರು? ಉತ್ತರ ಕಾಗದದಲ್ಲಿ ಬರಲಿ.

ಕಾನೂನೂ ಈಗ ಈ ಕಡೆಗೇ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇದೆ. ಜನರ ವಿವರ ಸಂಗ್ರಹಿಸಿದ ಸಂಸ್ಥೆಯೇ ಅದಕ್ಕೆ ಹೊಣೆ, ಕೆಲಸವನ್ನು ಬೇರೆ ಕಂಪನಿಗೆ ಕೊಟ್ಟಿದ್ದರೂ ಹೊಣೆ ತಪ್ಪುವುದಿಲ್ಲ ಅನ್ನುವುದು ಕಾಯ್ದೆಯ ತಿರುಳು. ಯಾವ ಮನೆಯ ವಿಧವೆಗೆ ಎಷ್ಟು ಸಹಾಯ ಹೋಗುತ್ತದೆ, ಯಾವ ಮಗುವಿನ ಫೀಸು ಯಾರು ಕಟ್ಟುತ್ತಾರೆ, ಯಾವ ರೈತನ ಸಾಲ ಬಾಕಿ ಇದೆ, ಇವೆಲ್ಲ ನಮ್ಮ ಸಂಸ್ಥೆಗಳ ಪಟ್ಟಿಗಳಲ್ಲಿ ಇವೆ. ಕಾನೂನಿಗೆ ಹೆದರಿ ಅಲ್ಲದಿದ್ದರೂ, ಆ ಜನರ ಮಾನಕ್ಕಾಗಿ ಪಟ್ಟಿಯನ್ನು ಭದ್ರವಾಗಿ ಇಡಬೇಕು. ಅಂಥ ಪಟ್ಟಿ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಫಾರ್ವರ್ಡ್ ಆದರೆ ವಾಪಸು ತರಲು ಸಾಧ್ಯವಿಲ್ಲ.

‘ನಮ್ಮದು ಸಣ್ಣ ಸಂಸ್ಥೆ, ಇದಕ್ಕೆಲ್ಲ ಸಂಬಳ ಕೊಟ್ಟು ಆಳು ಇಡಲು ಆಗೋದಿಲ್ಲ’ ಅನ್ನುವ ಆಕ್ಷೇಪ ಬರುತ್ತದೆ. ನ್ಯಾಯವಾದ ಮಾತು. ಆದರೆ ಹತ್ತು ಸಂಸ್ಥೆ ಸೇರಿ ಒಬ್ಬನನ್ನು ಇಟ್ಟುಕೊಳ್ಳಬಹುದಲ್ಲ? ಒಂದು ವಲಯದ ಜಮಾಅತ್‌ಗಳು, ಶಾಲೆಗಳು, ಸ್ವಸಹಾಯ ಸಂಘಗಳು ತಿಂಗಳಿಗೆ ಸ್ವಲ್ಪ ಸ್ವಲ್ಪ ಹಾಕಿದರೆ ಕಲಿತ ಒಬ್ಬ ಹುಡುಗ ಅಥವಾ ಹುಡುಗಿಗೆ ಊರಲ್ಲೇ ಮರ್ಯಾದೆಯ ಕೆಲಸ ಆಗುತ್ತದೆ. ಕಲಿತು ಮನೆಯಲ್ಲಿರುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಇದು ಅವರು ಚೆನ್ನಾಗಿ ಮಾಡಬಲ್ಲ ಕೆಲಸ.

ಸರ್ಕಾರಕ್ಕೂ ಸಹಕಾರ ಇಲಾಖೆಗೂ ನಮ್ಮ ಒತ್ತಾಯ ಇದು: 200 ಸಂಘಕ್ಕೊಂದು ನೆರವು ಸಾಲದು. ಆಳಂದದಲ್ಲಿ ಒಂದು, ಅಫಜಲಪುರದಲ್ಲಿ ಒಂದು, ಜೇವರ್ಗಿಯಲ್ಲಿ ಒಂದು, ಹೀಗೆ ತಾಲ್ಲೂಕಿಗೊಂದು ಕಚೇರಿ ಬೇಕು. ಅಲ್ಲಿ ಕನ್ನಡದಲ್ಲಿ, ಬೇಕಾದರೆ ಉರ್ದು, ಮರಾಠಿಯಲ್ಲಿ ಮಾತಾಡಿ ತೊಡಕು ಬಿಡಿಸುವ ಮನುಷ್ಯ ಕೂತಿರಬೇಕು. ಪ್ರಾಥಮಿಕ ಸಂಘಗಳೇ ಸಾಮಾನ್ಯ ಸೇವಾ ಕೇಂದ್ರಗಳಾಗಿ ಕೆಲಸ ಮಾಡಲು 2023ರಲ್ಲೇ ಒಪ್ಪಂದ ಆಗಿದೆ. ಹಾಗಿದ್ದ ಮೇಲೆ ಆ ಕಟ್ಟಡದಲ್ಲೇ ಸುತ್ತಲಿನ ಸಣ್ಣ ಸಂಸ್ಥೆಗಳಿಗೂ ಈ ನೆರವು ಕೊಡಬಹುದು. ತಂತ್ರಾಂಶದಲ್ಲಿ ತಪ್ಪು ಬಾಕಿ ಕಂಡರೆ, ರಸೀದಿ ತೋರಿಸಿದ ರೈತನಿಗೆ ಹೊಸ ಸಾಲ ನಿಲ್ಲಿಸಬಾರದು ಅಂತ ಲಿಖಿತ ಆದೇಶವೂ ಬೇಕು. ಯಂತ್ರದ ತಪ್ಪಿಗೆ ಬಿತ್ತನೆ ಕಳೆದುಕೊಳ್ಳುವವನು ಅವನಾಗಬಾರದು.

ಸಹಕಾರಿ ಬ್ಯಾಂಕಿನಲ್ಲಿ ಇಡುವ ಹಣಕ್ಕೆ ಅಮಾನತು ಅನ್ನುತ್ತೇವೆ. ನಂಬಿ ಒಪ್ಪಿಸಿದ್ದು ಅಂತ ಅದರ ಅರ್ಥ, ಮಸೀದಿಯಲ್ಲೂ ಸೊಸೈಟಿಯಲ್ಲೂ ಅದೇ ಶಬ್ದ. ಹಣದಷ್ಟೇ ಲೆಕ್ಕವೂ ಅಮಾನತು, ಆ ಲೆಕ್ಕ ತೆರೆಯುವ ಲಾಗಿನ್ ಕೂಡ.

ಮುಂದಿನ ಮಹಾಸಭೆಯ ಅಜೆಂಡಾದಲ್ಲಿ ಲೆಕ್ಕಪತ್ರ ಮಂಡನೆ ಆದ ಮೇಲೆ ಒಂದು ಸಾಲು ಸೇರಿಸಿ: ‘ಸಂಸ್ಥೆಯ ಇಮೇಲ್, ಮೊಬೈಲ್, ಲಾಗಿನ್ ವಿವರಗಳ ಪರಿಶೀಲನೆ’. ಹತ್ತು ನಿಮಿಷ ಸಾಕು. ಮೇಲೆ ಕೇಳಿದ ಮೂರು ಪ್ರಶ್ನೆಯನ್ನು ಸಭೆಯಲ್ಲಿ ಒಬ್ಬರು ಎದ್ದು ಕೇಳಲಿ, ಉತ್ತರ ಮಿನಿಟ್ಸ್ ಪುಸ್ತಕದಲ್ಲಿ ದಾಖಲಾಗಲಿ. ಕೇಳಿದವರ ಮೇಲೆ ಯಾರೂ ಮುನಿಸಿಕೊಳ್ಳುವುದು ಬೇಡ.